ಬಾಗಿಲ ಕಡೆಯ ಬಿಸಿ

ಸರ್ಕಾರಿ ಸ್ವತ್ತು ಬಿಸಿಯಾದರೆ ಆ ಬಿಸಿಯೂ ಸರ್ಕಾರಿ ಸ್ವತ್ತೇ. ನೀರೆತ್ತುವ ಇಲಾಖೆಯಲ್ಲಿ ಈ ಬಗ್ಗೆ ಎಂದೂ ಎರಡು ಮಾತು ಇರಲಿಲ್ಲ. ತಕರಾರು ಎದ್ದದ್ದು ಆ ಬಿಸಿಯ ಹಂಚಿಕೆಯಲ್ಲಿ.

ಇಲಾಖೆಯ ಕಚೇರಿ ಇದ್ದದ್ದು ಪಂಪ್‌ಹೌಸಿಗೆ ತಗುಲಿಕೊಂಡ, ಎತ್ತರದ ಚಾವಣಿಯ ಒಂದು ಹಾಲಿನಲ್ಲಿ. ಬಿಸಿಲು ಅದರ ಕಿಟಕಿಗಳವರೆಗೆ ಬಂದು, ಒಳಗೆ ಯಾರಿದ್ದಾರೆಂದು ಇಣುಕಿ, ವಾಪಸು ಹೋಗುತ್ತಿತ್ತು. ಹಾಲಿನ ನಟ್ಟನಡುವೆ ತಂತಿಬಲೆಯ ಬೇಲಿಯೊಳಗೆ ಆಳೆತ್ತರದ ತಾಮ್ರದ ಸುರುಳಿಯೊಂದು ನಿಂತಿತ್ತು. ಕಡತಗಳಲ್ಲಿ ಅದು ‘ಸುರುಳಿ’, ಬಾಯಿಮಾತಿನಲ್ಲಿ ‘ಕಾಯಿಲ್’. ಪಂಪಿನ ಮೋಟಾರಿಗೆ ಕರೆಂಟು ಒಮ್ಮೆಲೇ ನುಗ್ಗದಂತೆ ತಡೆಹಿಡಿಯುವುದು ಅದರ ಕೆಲಸ. ತಡೆಹಿಡಿಯುವುದನ್ನೇ ಉದ್ಯೋಗ ಮಾಡಿಕೊಂಡ ಅದನ್ನು ಇಲಾಖೆಯವರು ತಮ್ಮವರಲ್ಲಿ ಒಬ್ಬನೆಂದೇ ಎಣಿಸಿದ್ದರು. ಜಾಗ ಸಾಲದೆ ಬಂದಾಗ ಮೇಜು ಕುರ್ಚಿಗಳನ್ನು ಅದರ ಸುತ್ತಲೇ ಹಾಕಿಕೊಂಡರು.

ಬಾಗಿಲ ಕಡೆ ಲೆಕ್ಕಪತ್ರ ವಿಭಾಗ, ಗೋಡೆ ಕಡೆ ಸಿಬ್ಬಂದಿ ವಿಭಾಗ. ಚಳಿಗಾಲ ಬಂದಾಗ ಈ ಎರಡು ವಿಭಾಗಗಳು ಎರಡು ಬೇರೆ ಬೇರೆ ದೇಶಗಳಾಗುತ್ತಿದ್ದವು. ಬಾಗಿಲ ಕಡೆ ಸುರುಳಿ ಎಷ್ಟು ಕಾಯುತ್ತಿತ್ತೆಂದರೆ, ಲೆಕ್ಕಪತ್ರ ವಿಭಾಗದ ಮೇಲ್ವಿಚಾರಕಿ ತಮ್ಮ ಊಟದ ಡಬ್ಬಿಯನ್ನು ಬೇಲಿಗೆ ಒರಗಿಸಿಟ್ಟು ಮಧ್ಯಾಹ್ನ ಹಬೆಯಾಡುವ ಅನ್ನ ಉಣ್ಣುತ್ತಿದ್ದರು. ಕಚೇರಿಯೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತಿತ್ತು. ಒದ್ದೆ ಕಾಲುಚೀಲ ಒಣಗಿಸಬೇಕಾದವರು ಮೊದಲು ದೊಡ್ಡಕ್ಕನ ಅಪ್ಪಣೆ ಪಡೆಯಬೇಕಿತ್ತು. ಗೋಡೆ ಕಡೆಯಲ್ಲಾದರೋ ಅಂಟಿನ ಬಾಟಲಿಯೇ ಹೆಪ್ಪುಗಟ್ಟುತ್ತಿತ್ತು. ಅಲ್ಲಿನ ಹಿರಿಯ ಗುಮಾಸ್ತರು ಕತ್ತಿಗೆ ಸುತ್ತಿದ ಮಫ್ಲರನ್ನು ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಅವರಿಗೆ ಮಫ್ಲರ್ ಗುಮಾಸ್ತರು ಎಂದು ಹೆಸರಾಗಿತ್ತು.

ಸುರುಳಿಯ ಉಸ್ತುವಾರಿ ಕಿರಿಯ ಎಂಜಿನಿಯರ್ ಹೆಣ್ಣುಮಗಳದ್ದು. ಅವಳ ಗಂಡ, ಶಾಲೆಗೆ ಹೋಗುವ ಮಗಳು ಇಬ್ಬರೂ ದೂರದ ಇನ್ನೊಂದು ಊರಿನಲ್ಲಿದ್ದರು. ಅಲ್ಲಿಗೆ ವರ್ಗಾವಣೆ ಕೊಡಿ ಎಂದು ಅವಳು ಬೇಡದ ದೇವರಿರಲಿಲ್ಲ, ಅಲೆಯದ ಮೇಜಿರಲಿಲ್ಲ. ಕೊನೆಗೂ ಮೇಲಿನ ಕಚೇರಿ ಒಪ್ಪಿತ್ತು. ಒಂದೇ ಒಂದು ಷರತ್ತು ಇತ್ತು. ‘ದೂರು ಬಾಕಿ ಇರುವ ನೌಕರರು ದೂರು ಇತ್ಯರ್ಥವಾಗುವವರೆಗೆ ದೂರಿನ ಬಳಿಯಲ್ಲೇ ಇರತಕ್ಕದ್ದು.’ ಅವಳ ಮೇಲೆ ಯಾವ ದೂರೂ ಇರಲಿಲ್ಲ. ಅವಳು ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದು ಧೂಳು ಒರೆಸಿದ ದಿನವೇ ಮಫ್ಲರ್ ಗುಮಾಸ್ತರು ದೂರು ಕೊಟ್ಟರು.

‘ಸದರಿ ಸುರುಳಿಯು ಬಾಗಿಲ ಕಡೆಯ ವಿಭಾಗಕ್ಕೆ ಧಾರಾಳವಾಗಿ ಬಿಸಿ ನೀಡುತ್ತಿದ್ದು, ಗೋಡೆ ಕಡೆಯ ವಿಭಾಗವನ್ನು ಸಂಪೂರ್ಣವಾಗಿ ಕಡೆಗಣಿಸಿರುತ್ತದೆ. ಒಂದೇ ಇಲಾಖೆಯ ನೌಕರರ ನಡುವೆ ಈ ಬಗೆಯ ತಾರತಮ್ಯ ಎಸಗಲು ಸುರುಳಿಗೆ ಯಾವ ಆದೇಶವೂ ಇರುವುದಿಲ್ಲ.’

ಸುರುಳಿಯ ಮೇಲಿನ ದೂರು ಅದರ ಉಸ್ತುವಾರಿಯ ಹೆಸರಿಗೆ ದಾಖಲಾಯಿತು. ಅವಳು ಗೋಡೆ ಕಡೆಗೆ ಓಡಿಬಂದಳು.

“ಸರ್, ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಸರ್?”

“ನಿಮ್ಮ ಮೇಲೆ ನನಗೇನೂ ಕೋಪ ಇಲ್ಲಮ್ಮ,” ಎಂದರು ಮಫ್ಲರ್ ಗುಮಾಸ್ತರು, ಅಂಟಿನ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕರಗಿಸುತ್ತಾ. “ನೀವು ಹೋಗ್ತೀರಿ ಅಂತ ಗೊತ್ತಾಯ್ತು. ನೀವು ಹೋದ್ಮೇಲೆ ಯಾರು ಬರ್ತಾರೋ, ಬರ್ತಾರೋ ಇಲ್ವೋ. ದೂರು ಹೊರೋಕೆ ಒಬ್ರು ಇರ್ಬೇಕಲ್ಲ, ಅದಕ್ಕೇ ಇರೋವಾಗಲೇ ಕೊಟ್ಟೆ. ತಪ್ಪು ತಿಳ್ಕೋಬೇಡಿ.”

ಇದರಲ್ಲಿ ತಪ್ಪು ತಿಳಿದುಕೊಳ್ಳುವಂಥದ್ದು ಏನೂ ಇರಲಿಲ್ಲ.

ಆ ಸಂಜೆ ಮಗಳು ಫೋನಿನಲ್ಲಿ ಹೇಳಿದಳು: “ಅಮ್ಮಾ, ಇವತ್ತು ಅಪ್ಪ ನಂಗೆ ಜಡೆ ಹಾಕಿದ್ರು. ಒಂದು ಜಡೆ ಕಿವಿ ಮೇಲೆ ಬಂತು, ಇನ್ನೊಂದು ಬೆನ್ನ ಮೇಲೆ ಹೋಯ್ತು. ಎಲ್ಲಾರೂ ನಕ್ರು.” ಹಿಂದಿನಿಂದ ಗಂಡನ ದನಿ ಬಂತು: “ನಾನೇನು ಮಾಡ್ಲಿ ಕಣೇ, ಒಂದನ್ನ ಸರಿ ಮಾಡಿದ್ರೆ ಇನ್ನೊಂದು ಜಾರತ್ತೆ. ನೀನ್ಯಾವಾಗ ಬರ್ತೀಯ?” ಅವಳು ನಗುತ್ತಲೇ ಮಾತಾಡಿ ಫೋನಿಟ್ಟಳು. ಇಟ್ಟಮೇಲೆ ಕಣ್ಣು ತುಂಬಿ ಬಂತು. ಮಗಳ ನೆತ್ತಿಯ ಬೈತಲೆ ಯಾವ ಕಡೆಗೆ ವಾಲುತ್ತದೆಂಬುದು ಅವಳ ಬೆರಳಿಗೆ ಮಾತ್ರ ಗೊತ್ತಿತ್ತು, ಆ ಬೆರಳುಗಳೋ ಇಲ್ಲಿದ್ದವು.

ಮರುದಿನ ಪಂಪಿಗೆ ಬಿಡುವು ಕೊಡುವ ಹೊತ್ತಿನಲ್ಲಿ ಅವಳು ಕರೆಂಟು ತೆಗೆಸಿ, ಬೀಗ ಹಾಕಿಸಿ, ಟಾರ್ಚು ಹಿಡಿದು ಬೇಲಿಯೊಳಗೆ ಹೋದಳು. ಸುರುಳಿಯನ್ನು ಪದರ ಪದರವಾಗಿ ಸುತ್ತುವಾಗ ಪದರಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡುತ್ತಾರೆ. ಕೆಳಗಿನಿಂದ ತಣ್ಣನೆ ಗಾಳಿ ಆ ಸಂದಿನಲ್ಲಿ ಏರಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಗೋಡೆ ಕಡೆಯಿಂದ ಟಾರ್ಚು ಬಿಟ್ಟರೆ ಸಂದುಗಳೆಲ್ಲ ಬಾಯಿ ತೆರೆದುಕೊಂಡು ಚೆನ್ನಾಗಿದ್ದವು. ಬಾಗಿಲ ಕಡೆಗೆ ಬಂದು ನೋಡಿದರೆ ಸಂದೇ ಇಲ್ಲ, ಗೋಡೆಯ ಹಾಗೆ ನುಣ್ಣಗಿತ್ತು. ಉಗುರಿನಿಂದ ಗೀರಿದಳು. ಬಣ್ಣ.

ಇಲಾಖೆಯ ಪೇಂಟರನ್ನು ಕರೆಸಿ ಕೇಳಿದಳು.

“ನಾವೇ ಬಳಿದಿದ್ದು ಮೇಡಂ,” ಎಂದ ಪೇಂಟರು, ಅಭಿಮಾನದಿಂದ. “ತಪಾಸಣೆ ಅಂದ್ರೆ ಒಂದು ಕೋಟು. ನಮ್ಮಪ್ಪನ ಕಾಲದಿಂದ ಬಳೀತಿದ್ದೀವಿ.”

“ಬಾಗಿಲ ಕಡೆ ಮಾತ್ರ ಯಾಕೆ ಬಳಿದ್ರಿ?”

“ತಪಾಸಣೆಗೆ ಬರೋರು ಬಾಗಿಲಿಂದ ತಾನೇ ಬರ್ತಾರೆ? ಹಿಂದಗಡೆ ಯಾರು ಹೋಗ್ತಾರೆ ಮೇಡಂ, ಚಳಿ.”

ವಿಷಯ ಇಷ್ಟೇ. ಪ್ರತಿ ತಪಾಸಣೆಗೂ ಸುರುಳಿಯ ಮುಖಕ್ಕೆ ಒಂದು ಕೋಟು ಬಿದ್ದು, ಗಾಳಿಯ ದಾರಿ ಮುಚ್ಚಿ, ಮುಖದ ಕಡೆ ಕುದಿಯುತ್ತಿತ್ತು, ಬೆನ್ನಿನ ಕಡೆ ತಣ್ಣಗಿತ್ತು. ಬಣ್ಣ ಕೆರೆದರೆ ಮುಗಿಯಿತು. ಅವಳಿಗೆ ಎಷ್ಟು ಹಗುರವಾಯಿತೆಂದರೆ, ಸಾಹೇಬರ ಕೋಣೆಯ ಬಾಗಿಲು ತಟ್ಟುವುದನ್ನೂ ಮರೆತು ಒಳಗೆ ಹೋದಳು.

ಸಾಹೇಬರು ಶಾಂತ ಸ್ವಭಾವದವರು. ಯಾವ ಕಾಗದ ಕೊಟ್ಟರೂ ಮೊದಲು ಅದರ ಹಿಂಬದಿ ನೋಡುತ್ತಿದ್ದರು, ಅಲ್ಲಿ ಏನೂ ಇಲ್ಲವೆಂದು ಖಾತರಿಯಾದ ಮೇಲೆ ಮುಂಬದಿ ಓದುತ್ತಿದ್ದರು.

“ಕೆರೆಯೋದು ಅಂದ್ರೆ?” ಎಂದರು.

“ಬಣ್ಣ ತೆಗೆಯೋದು ಸರ್.”

“ಬಣ್ಣ ಇಲಾಖೆಯ ಸ್ವತ್ತು. ಸ್ವತ್ತನ್ನ ಕೆರೆದು ತೆಗೆಯೋದಕ್ಕೆ ಏನಂತಾರೆ ಗೊತ್ತಾ? ಹಾನಿ. ಮೊದಲೇ ನಿಮ್ಮ ಮೇಲೆ ಒಂದು ದೂರಿದೆ, ಎರಡನೇದು ಬೇಕಾ?”

“ಸರ್, ಹೀಗೇ ಬಿಟ್ರೆ ಒಂದಲ್ಲ ಒಂದಿನ ಸುಟ್ಟು ಹೋಗತ್ತೆ.”

“ಸುಟ್ಟು ಹೋಗೋದು ಬೇರೆ ವಿಷಯ. ದೂರಿನಲ್ಲಿ ಸುಡೋ ಮಾತೇ ಇಲ್ಲ. ದೂರು ಇರೋದು ಸಮಾನತೆ ಬಗ್ಗೆ. ವಿಷಯ ಬಿಟ್ಟು ಮಾತಾಡಬಾರದಮ್ಮ.” ಸಾಹೇಬರು ಕಾಗದದ ಹಿಂಬದಿಯನ್ನು ಇನ್ನೊಮ್ಮೆ ನೋಡಿ, ಅಲ್ಲೇ ಬರೆದರು: ‘ಸಮಿತಿ’.

ಉಷ್ಣತಾ ಸಮಾನತಾ ಸಮಿತಿ ಹೀಗೆ ಹುಟ್ಟಿತು. ಸಾಹೇಬರು ಅಧ್ಯಕ್ಷರು. ದೊಡ್ಡಕ್ಕ ಬಿಸಿ ಪಕ್ಷದ ಪ್ರತಿನಿಧಿ, ಮಫ್ಲರ್ ಗುಮಾಸ್ತರು ತಂಪು ಪಕ್ಷದ ಪ್ರತಿನಿಧಿ. ಬಣ್ಣದ ಪ್ರಶ್ನೆ ಬಂದಿದ್ದರಿಂದ ಪೇಂಟರು ತಜ್ಞ ಸದಸ್ಯ. ಕಿರಿಯ ಎಂಜಿನಿಯರನ್ನು, ಆಕೆ ದೂರಿಗೆ ಗುರಿಯಾದವಳಾದ್ದರಿಂದ, ಕುರ್ಚಿ ಹಾಕಿ ಕೂರಿಸಿದರೇ ಹೊರತು ಸದಸ್ಯೆಯಾಗಿ ಸೇರಿಸಿಕೊಳ್ಳಲಿಲ್ಲ.

ಸಮಿತಿಯ ಮುಂದೆ ಹಲವು ಸಲಹೆಗಳು ಬಂದವು. ಸುರುಳಿಯನ್ನು ವರ್ಷಕ್ಕೊಮ್ಮೆ ತಿರುಗಿಸಿ ನಿಲ್ಲಿಸಬಹುದೆಂದು ಮಫ್ಲರ್ ಗುಮಾಸ್ತರು ಸೂಚಿಸಿದರು. ತಿರುಗಿಸಿದರೆ ಬಣ್ಣವಿಲ್ಲದ ಬೆನ್ನು ತಪಾಸಣೆಯವರ ಕಣ್ಣಿಗೆ ಬೀಳುತ್ತದೆಂದು ಅದನ್ನು ಕೈಬಿಡಲಾಯಿತು. ನೌಕರರನ್ನೇ ಸರದಿಯ ಮೇಲೆ ಸುರುಳಿಯ ಸುತ್ತ ತಿರುಗಿಸುವ ಸಲಹೆಗೆ ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟರು. ಅದೂ ಬಿದ್ದುಹೋಯಿತು. ಎರಡೂ ಕಡೆಯ ಬಿಸಿಯ ಸರಾಸರಿ ತೆಗೆದು, ಪ್ರತಿಯೊಬ್ಬರಿಗೂ ಆ ಸರಾಸರಿ ಬಿಸಿ ಸಲ್ಲುತ್ತಿದೆ ಎಂದು ಘೋಷಿಸೋಣವೆಂದರು ಸಾಹೇಬರು. ಹಾಗೆಂದು ಒಂದು ಪ್ರಕಟಣೆಯೂ ಹೊರಬಿತ್ತು: ‘ಇನ್ನು ಮುಂದೆ ಗೋಡೆ ಕಡೆಯ ನೌಕರರು ತಮಗೆ ಹಿತವಾಗಿ ಬೆಚ್ಚಗಿದೆ ಎಂದು ತಿಳಿಯತಕ್ಕದ್ದು.’ ಮಫ್ಲರ್ ಗುಮಾಸ್ತರು ಪ್ರಾಮಾಣಿಕ ನೌಕರರು. ಪ್ರಕಟಣೆಯನ್ನು ಪಾಲಿಸಲು ಕಣ್ಣು ಮುಚ್ಚಿಕೊಂಡು ಕುಳಿತು ಶಕ್ತಿಮೀರಿ ಪ್ರಯತ್ನಿಸಿದರು, ಆದರೂ ಹಲ್ಲು ಕಟಕಟ ಎನ್ನುವುದು ನಿಲ್ಲಲಿಲ್ಲ.

ಈ ನಡುವೆ ಕಿರಿಯ ಎಂಜಿನಿಯರ್ ತಾಳ್ಮೆ ಕಳೆದುಕೊಂಡಳು. ಪಂಪು ನಿಂತ ಹೊತ್ತು ನೋಡಿ, ಎಲ್ಲರೂ ಊಟಕ್ಕೆ ಎದ್ದಾಗ, ಒಂದು ಹರಿತವಾದ ತಗಡಿನ ಪಟ್ಟಿ ಹಿಡಿದು ಬೇಲಿಯೊಳಗೆ ಹೋಗಿ ಬಾಗಿಲ ಕಡೆಯ ಬಣ್ಣವನ್ನು ಕೆರೆಯಲು ಕುಳಿತಳು. ಅಂಗೈಯಗಲ ಕೆರೆಯುವಷ್ಟರಲ್ಲಿ ದೊಡ್ಡಕ್ಕ ಡಬ್ಬಿ ತೆಗೆದುಕೊಳ್ಳಲು ಬಂದರು.

“ಅಯ್ಯೋ! ಏನೇ ಅಮ್ಮಯ್ಯಾ ಮಾಡ್ತಿದ್ದೀಯ? ನನ್ನ ಅನ್ನಕ್ಕೆ ಕಲ್ಲು ಹಾಕ್ತಿದ್ದೀಯಲ್ಲೇ!”

ಎಲ್ಲರೂ ಸೇರಿದರು. ಕೆರೆದ ಜಾಗದಲ್ಲಿ ಬಣ್ಣದ ಪದರಗಳು ಒಂದರ ಕೆಳಗೊಂದು ಕಾಣುತ್ತಿದ್ದವು. ಮೇಲೆ ಬೂದಿ, ಅದರ ಕೆಳಗೆ ಕೆನೆ, ಅದರ ಕೆಳಗೆ ನೀಲಿ, ಇನ್ನೂ ಕೆಳಗೆ ಗಿಳಿಹಸಿರು. ಪೇಂಟರು ಬಗ್ಗಿ ನೋಡಿ ಕೈಮುಗಿದ.

“ಈ ಹಸಿರು ಬಹಳ ಹಿಂದಿನ ಸಾಹೇಬರದ್ದು. ಅವರಿಗೆ ಹಸಿರು ಅಂದ್ರೆ ಪ್ರಾಣ. ಈ ನೀಲಿ ಅವರ ಮೇಲೆ ಸಿಟ್ಟಿಂದ ಬಂದ ಸಾಹೇಬರದ್ದು. ಕೆನೆ ಬಣ್ಣದವರು ಪಾಪ, ಬೇಗ ನಿವೃತ್ತಿ ಆದ್ರು.”

ಸಭೆ ಗಂಭೀರವಾಯಿತು. ಸುರುಳಿಯ ಮೇಲಿರುವುದು ಬರಿಯ ಬಣ್ಣವಲ್ಲ, ಇಲಾಖೆಯ ಇತಿಹಾಸ ಎಂಬುದು ಸಮಿತಿಗೆ ಮನವರಿಕೆಯಾಯಿತು. ಕೆರೆದ ಅಂಗೈಯಗಲ ಜಾಗಕ್ಕೆ ಗಾಜು ಹಾಕಿಸಲಾಯಿತು. ಅದನ್ನು ನೋಡಬಯಸುವವರು ಊಟದ ವೇಳೆಯಲ್ಲಿ ಬರತಕ್ಕದ್ದೆಂದು ಪ್ರಕಟಣೆ ಹೊರಬಿತ್ತು. ಕೆರೆಯುವ ಮಾತನ್ನು ಇನ್ನು ಯಾರೂ ಎತ್ತುವಂತಿರಲಿಲ್ಲ.

ಸಮಸ್ಯೆಗೆ ಪರಿಹಾರ ಹೊಳೆದದ್ದು ತಜ್ಞ ಸದಸ್ಯನಿಗೆ.

“ಈ ಕಡೆಯದನ್ನ ತೆಗೆಯೋಕಾಗಲ್ಲ ಅಂದ್ರೆ, ಆ ಕಡೆಗೂ ಬಳಿದುಬಿಡೋಣ ಸಾರ್,” ಎಂದ ಪೇಂಟರು. “ಹಸಿರಿಗೆ ಹಸಿರು, ನೀಲಿಗೆ ನೀಲಿ. ಆಗ ಎರಡೂ ಕಡೆ ಸಮ.”

ಮಫ್ಲರ್ ಗುಮಾಸ್ತರು ಎದ್ದು ನಿಂತು ಪೇಂಟರ ಕೈ ಹಿಡಿದುಕೊಂಡರು. ದೊಡ್ಡಕ್ಕನಿಗೂ ಆಕ್ಷೇಪಣೆ ಇರಲಿಲ್ಲ. ತಮ್ಮ ಬಿಸಿಗೆ ಧಕ್ಕೆ ಬಾರದಿದ್ದರೆ ಬೇರೆಯವರು ಬೆಚ್ಚಗಿರುವುದನ್ನು ಕಂಡು ಹೊಟ್ಟೆ ಉರಿದುಕೊಳ್ಳುವಷ್ಟು ಸಣ್ಣ ಮನಸ್ಸು ಅವರದ್ದಲ್ಲ.

ಕಿರಿಯ ಎಂಜಿನಿಯರ್ ಕುರ್ಚಿಯಿಂದ ಎದ್ದಳು. “ಸರ್, ಈಗ ಗಾಳಿ ಆಡ್ತಿರೋದು ಆ ಕಡೆ ಒಂದೇ. ಅದನ್ನೂ ಮುಚ್ಚಿದ್ರೆ ಕಾಯಿಲ್ ಉಳಿಯಲ್ಲ. ಕಾಯಿಲ್ ಹೋದ್ರೆ ಪಂಪು ನಿಲ್ಲತ್ತೆ. ಊರಿಗೆ ನೀರಿಲ್ಲ.”

“ಬರವಣಿಗೆಯಲ್ಲಿ ಕೊಡಿ,” ಎಂದರು ಸಾಹೇಬರು.

ಕೊಟ್ಟಳು. ಸಾಹೇಬರು ಅದರ ಹಿಂಬದಿ ನೋಡಿ, ಮುಂಬದಿ ಓದಿ, ಅವಳನ್ನು ಒಬ್ಬಳನ್ನೇ ಕೋಣೆಗೆ ಕರೆಸಿದರು. ದನಿ ತಗ್ಗಿಸಿದರು. ಅವರಿಗೂ ಹೆಣ್ಣು ಮಕ್ಕಳಿದ್ದರು.

“ನೋಡಮ್ಮ, ನೀನು ಹೇಳ್ತಿರೋದು ಸರಿ ಇರಬಹುದು. ಸರಿ ಅಂತ ನಾನು ಒಪ್ಪಿದ್ರೆ ಇದು ತಾಂತ್ರಿಕ ದೂರಾಗತ್ತೆ. ತಾಂತ್ರಿಕ ದೂರು ಮೇಲಿನ ಕಚೇರಿಗೆ ಹೋಗ್ಬೇಕು. ಅಲ್ಲಿಂದ ಬರೋಷ್ಟರಲ್ಲಿ ನಿನ್ನ ಮಗಳು ಮದುವೆಗೆ ಬಂದಿರ್ತಾಳೆ. ಬಳಿದರೆ ದೂರು ಇಲ್ಲೇ ಮುಗಿಯತ್ತೆ. ಬಳಿದ ಮೇಲೆ ಏನಾದ್ರೂ ಆದ್ರೆ ಅದು ಹೊಸ ದೂರು. ಆಗ ಇಲ್ಲಿ ಯಾರಿರ್ತಾರೋ ಅವರ ಹೆಸರಿಗೆ.”

“ಯಾರಿರ್ತಾರೆ ಸರ್?”

“ಅದನ್ನ ಈಗಲೇ ಹೇಳೋಕಾಗಲ್ಲ. ಹುದ್ದೆ ಖಾಲಿ ಇದ್ರೆ ಖಾಲಿ ಹುದ್ದೆಯ ಹೆಸರಿಗೆ.”

ಸರಿಯಾದದ್ದು ಏನೆಂಬುದು ಅವಳಿಗೆ ಗೊತ್ತಿತ್ತು. ಗೊತ್ತಿರುವುದರಿಂದ ಅವಮಾನವೂ ಆಗುತ್ತಿತ್ತು. ಕೊನೆಗೆ ಕೈ ಚಾಚಿ ತನ್ನ ಕಾಗದವನ್ನು ವಾಪಸು ತೆಗೆದುಕೊಂಡಳು. ಸಾಹೇಬರು ಅದನ್ನು ಕೊಡುವಾಗ ನೀಟಾಗಿ ಮಡಿಸಿ ಕೊಟ್ಟರು.

ಪೇಂಟರು ತಂದೆಯ ಕಾಲದ ಹಸಿರನ್ನು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆದ. ಗಿಳಿಹಸಿರಿನ ಬದಲು ಎಲೆಹಸಿರು ಬಳಿಯಬಹುದೇ ಎಂಬ ಬಗ್ಗೆ ಸಮಿತಿ ಒಮ್ಮೆ ಕೂತಿತು. ಆಮೇಲೆ ಒಂದೊಂದೇ ಕೋಟು, ಒಣಗಿದ ಮೇಲೆ ಇನ್ನೊಂದು, ಇತಿಹಾಸದ ಕ್ರಮ ತಪ್ಪದಂತೆ ಬಿತ್ತು. ಕೊನೆಯ ಬೂದಿ ಬಣ್ಣ ಒಣಗಿ ಪಂಪು ಶುರುವಾದ ದಿನ ಗೋಡೆ ಕಡೆಯವರು ಬೇಲಿಗೆ ಕೈ ಚಾಚಿಕೊಂಡು ಕುಳಿತರು.

ಮೊದಲು ಅಂಟು ಕರಗಿತು. ಆಮೇಲೆ ಮಫ್ಲರ್ ಗುಮಾಸ್ತರು ಕತ್ತಿನ ಕಡೆಗೆ ಕೈ ಒಯ್ದರು. ಇಡೀ ಹಾಲು ಉಸಿರು ಬಿಗಿಹಿಡಿದು ನೋಡುತ್ತಿತ್ತು. ಅವರು ಸುತ್ತು ಸುತ್ತಾಗಿ ಮಫ್ಲರ್ ಬಿಚ್ಚಿ, ಮಡಿಸಿ, ಡ್ರಾಯರಿನಲ್ಲಿ ಇಟ್ಟರು. ಅವರಿಗೊಂದು ಕತ್ತು ಇತ್ತು. ಎಲ್ಲರ ಕತ್ತಿನ ಹಾಗೆಯೇ ಇತ್ತು. ದೊಡ್ಡಕ್ಕ ಎದ್ದು ಬಂದು ತಮ್ಮ ಡಬ್ಬಿಯಿಂದ ಅವರಿಗೆ ಎರಡು ತುತ್ತು ಕೊಟ್ಟರು. ಲೆಕ್ಕಪತ್ರಕ್ಕೂ ಸಿಬ್ಬಂದಿಗೂ ಮಾತುಕತೆ ಇಲ್ಲದೆ ಎಷ್ಟೋ ಕಾಲವಾಗಿತ್ತು, ಅವತ್ತು ಎರಡೂ ವಿಭಾಗ ಕೂಡಿ ಚಹಾ ಕುಡಿದವು.

ಕೆಲವು ದಿನ ಇಲಾಖೆಯಲ್ಲಿ ಸ್ವರ್ಗಸುಖ ಇತ್ತು. ಆಮೇಲೆ ವಾಸನೆ ಶುರುವಾಯಿತು. ಮೊದಲಿಗೆ ಒಲೆಯ ಮೇಲೆ ಹಾಲು ತಳ ಹಿಡಿದಂತಿದ್ದದ್ದು ಬರಬರುತ್ತಾ ಮೂಗಿಗೆ ಕಟುವಾಗಿ ಅಡರತೊಡಗಿತು. ಕಿರಿಯ ಎಂಜಿನಿಯರ್ ಓಡಿದಳು. ಸಮಿತಿ ವಾಸನೆಯನ್ನು ಬಾಗಿಲ ಕಡೆಯಿಂದ ಒಮ್ಮೆ, ಗೋಡೆ ಕಡೆಯಿಂದ ಒಮ್ಮೆ ಮೂಸಿ ನೋಡಿತು. ‘ವಾಸನೆಯು ಎರಡೂ ಬದಿಗಳಲ್ಲಿ ಸಮಾನವಾಗಿದ್ದು, ತಾರತಮ್ಯ ಕಂಡುಬಂದಿರುವುದಿಲ್ಲ’ ಎಂದು ಬರೆಯಿತು. ಬರೆದ ಶಾಯಿ ಒಣಗುವ ಮೊದಲೇ ಸುರುಳಿಯ ಒಳಗೆಲ್ಲೋ ‘ಚಟ್’ ಎಂದಿತು. ಹೊಗೆ ಬಂತು. ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಆ ಹಾಲಿನಲ್ಲಿ ಹಗಲಿಡೀ ಗುಯ್‌ಗುಡುತ್ತಿದ್ದ ಪಂಪಿನ ಸದ್ದು ನಿಂತಾಗ, ಇಷ್ಟು ದಿನ ತಾವು ಕೂಗಿ ಮಾತಾಡುತ್ತಿದ್ದೆವೆಂಬುದು ಎಲ್ಲರಿಗೂ ಗೊತ್ತಾಯಿತು.

ಹೊಗೆ ಅಡಗಿದ ಮೇಲೆ ಸಮಿತಿ ಪರಿಶೀಲನೆಗೆ ಬಂತು. ಸಾಹೇಬರು ಬಾಗಿಲ ಕಡೆ ಕೈಯಿಟ್ಟರು. ತಣ್ಣಗಿತ್ತು. ಗೋಡೆ ಕಡೆ ಕೈಯಿಟ್ಟರು. ತಣ್ಣಗಿತ್ತು. ಮೇಲೆ, ಕೆಳಗೆ, ನಡುವೆ, ಗಾಜಿನ ಮೇಲೆ, ಎಲ್ಲೆಲ್ಲೂ ಒಂದೇ ತಂಪು. ಸಾಹೇಬರ ಮುಖದಲ್ಲಿ ಅಪರೂಪದ ಬೆಳಕು ಕಂಡಿತು.

“ಇದಕ್ಕಿಂತ ಸಮ ಇನ್ನೇನು ಬೇಕ್ರೀ ಗುಮಾಸ್ತರೇ?”

ಮಫ್ಲರ್ ಗುಮಾಸ್ತರು ತಾವೂ ಮುಟ್ಟಿ ನೋಡಿದರು. ದೂರುದಾರರಾಗಿ ಅವರು ಹೇಳಬಹುದಾದ್ದು ಏನೂ ಉಳಿದಿರಲಿಲ್ಲ. ಡ್ರಾಯರಿನಿಂದ ಮಫ್ಲರ್ ತೆಗೆದು ಕತ್ತಿಗೆ ಸುತ್ತಿಕೊಂಡು ಕೂತರು. “ನ್ಯಾಯ ಸಿಕ್ತು ಸಾರ್,” ಎಂದರು. ಅವರ ಎದುರಿಗೆ ದೊಡ್ಡಕ್ಕ ತಣ್ಣನೆ ಡಬ್ಬಿ ಬಿಚ್ಚಿ ಮುಖ ಗಂಟಿಕ್ಕಿಕೊಂಡಿದ್ದರು. ಆ ಮುಖ ನೋಡಿ ಗುಮಾಸ್ತರಿಗೆ ನಿಜವಾಗಿಯೂ ಒಳಗೊಳಗೇ ಬೆಚ್ಚಗಾಯಿತು.

ದೂರು ಇತ್ಯರ್ಥವಾದ ವರದಿಗೆ ಕಿರಿಯ ಎಂಜಿನಿಯರ್ ಸಹಿ ಹಾಕಬೇಕಿತ್ತು. ‘ಸುರುಳಿಯ ಎಲ್ಲ ಭಾಗಗಳಲ್ಲಿ ಉಷ್ಣತೆ ಸಮನಾಗಿದೆ’ ಎಂದು ಅದರಲ್ಲಿ ಇತ್ತು. ಸುಳ್ಳು ಹುಡುಕಿದಳು, ಒಂದೂ ಸಿಗಲಿಲ್ಲ. ಸಹಿ ಹಾಕಿದಳು.

ಇದೇ ಸಂದರ್ಭದಲ್ಲಿ ಇನ್ನೊಂದು ಹಳೆಯ ದೂರೂ ತಾನಾಗಿ ಮುಗಿಯಿತು. ಮೇಲಿನ ಬೀದಿಗೆ ನೀರು ಜೋರಾಗಿ ಬರುತ್ತದೆ, ಕೆಳಗಿನ ಬೀದಿಗೆ ಸಣ್ಣಗೆ ಬರುತ್ತದೆ ಎಂದು ಕೆಳಗಿನ ಬೀದಿಯವರು ವರ್ಷಗಳಿಂದ ಗೋಗರೆಯುತ್ತಿದ್ದರು. ಈಗ ಅವರು ಖಾಲಿ ಬಿಂದಿಗೆ ಹಿಡಿದು ಮೇಲಿನ ಬೀದಿಗೆ ಹೋಗಿ, ಅಲ್ಲಿನವರ ಕೈಯಲ್ಲೂ ಖಾಲಿ ಬಿಂದಿಗೆ ಇರುವುದನ್ನು ಕಣ್ಣಾರೆ ಕಂಡು, ಸಮಾಧಾನದಿಂದ ಮನೆಗೆ ಮರಳಿದರು. ಅವರಲ್ಲಿ ಕೆಲವರು ಇಲಾಖೆಗೆ ಬಂದು ಸಾಹೇಬರಿಗೆ ಧನ್ಯವಾದ ಹೇಳಿದರೆಂದು ತಿಳಿದುಬಂದಿದೆ.

ಕಿರಿಯ ಎಂಜಿನಿಯರಿಗೆ ವರ್ಗಾವಣೆ ಆಯಿತು. ಮನೆ ತಲುಪಿದ ಬೆಳಿಗ್ಗೆ ಅವಳು ಸೂಟ್‌ಕೇಸನ್ನೂ ಬಿಚ್ಚದೆ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿ ಎರಡು ಜಡೆ ಹಾಕಿದಳು. ಎರಡೂ ಒಂದೇ ಎತ್ತರಕ್ಕೆ, ಒಂದೇ ಬಿಗಿಗೆ ಬಂದವು. ಮಗಳು ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು. “ಸಂಜೆ ಸ್ಕೂಲಿಂದ ನೀನೇ ಕರ್ಕೊಂಡು ಹೋಗೋಕೆ ಬರ್ಬೇಕು, ಅಪ್ಪ ಅಲ್ಲ,” ಎಂದಳು. “ಬರ್ತೀನಿ ಪುಟ್ಟಾ, ಗೇಟಿನ ಹತ್ರಾನೇ ನಿಂತಿರ್ತೀನಿ,” ಎಂದು ಮಾತು ಕೊಟ್ಟಳು. ಅವಳಿಗೆ ಅಷ್ಟು ಸಂತೋಷ ಎಷ್ಟೋ ಕಾಲದಿಂದ ಆಗಿರಲಿಲ್ಲ.

ಅವತ್ತೇ ಹೊಸ ಕಚೇರಿಯ ಸಾಹೇಬರು ಅವಳನ್ನು ಎದ್ದು ನಿಂತು ಬರಮಾಡಿಕೊಂಡರು. ಉಷ್ಣತಾ ಸಮಾನತೆಯಲ್ಲಿ ಪರಿಣತಿ ಇರುವವರು ಬರುತ್ತಿದ್ದಾರೆಂದು ಅವರಿಗೆ ಮೊದಲೇ ತಿಳಿದಿತ್ತು. ನಡುಮನೆಯಂಥ ಹಾಲಿಗೆ ಕರೆದೊಯ್ದು ಬೇಲಿಯೊಳಗಿನ ಸುರುಳಿ ತೋರಿಸಿದರು.

“ನಮ್ಮದೂ ಅದೇ ಗೋಳು ನೋಡಿ. ಒಂದು ಕಡೆ ಮುಟ್ಟೋಕಾಗಲ್ಲ, ಇನ್ನೊಂದು ಕಡೆ ಮಂಜುಗಡ್ಡೆ.”

“ಬಿಸಿ ಇರೋದು ಬಾಗಿಲ ಕಡೆ ಅಲ್ವಾ ಸರ್?”

ಸಾಹೇಬರು ಬೆರಗಾದರು. ಬಂದ ತಕ್ಷಣ ಹೇಗೆ ಕಂಡುಹಿಡಿದಳೆಂದು ಹಾಲಿನವರೆಲ್ಲ ಕತ್ತೆತ್ತಿ ನೋಡಿದರು. ಅವಳು ಬೇಲಿಯಾಚೆಯಿಂದ ಟಾರ್ಚು ಬಿಟ್ಟು ನೋಡಿದಳು. ಬಾಗಿಲ ಕಡೆ ನುಣ್ಣಗಿತ್ತು. ಗೋಡೆ ಕಡೆ ಸಂದುಗಳು ಬಾಯಿ ತೆರೆದುಕೊಂಡು ಉಸಿರಾಡುತ್ತಿದ್ದವು.

“ಬಣ್ಣ ಕೆರೆದ್ರೆ ಸರಿಹೋಗತ್ತೆ ಸರ್.”

“ಕೆರೆಸೋಣ, ಅದಕ್ಕೇನಂತೆ,” ಎಂದರು ಸಾಹೇಬರು. “ಕೆರೆಯೋದಾದ್ರೆ ಸಮಿತಿ ಆಗ್ಬೇಕು. ಸಮಿತಿ ಕೂರೋದು ಸಂಜೆ ಮೇಲೆ. ದಿನಾ ಸಂಜೆ. ನೀವಂತೂ ಇರಲೇಬೇಕು. ಬಳಿಯೋದಾದ್ರೆ ಸಮಿತಿ ಬೇಡ, ಪೇಂಟರು ಇಲ್ಲೇ ಇದ್ದಾನೆ.”

ಪೇಂಟರು ಆಗಲೇ ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಬ್ರಷ್ ಹಿಡಿದು ಬೇಲಿಯ ಪಕ್ಕ ಬಂದು ನಿಂತಿದ್ದ. ಅವಳು ಗೋಡೆಯ ಗಡಿಯಾರ ನೋಡಿದಳು. ಶಾಲೆ ಬಿಡುವ ಹೊತ್ತಾಗುತ್ತಿತ್ತು.

“ಏನ್ ಮಾಡೋಣ ಮೇಡಂ?” ಎಂದ ಪೇಂಟರು.

ಅವಳು ಟಾರ್ಚನ್ನು ಆರಿಸಿ ಚೀಲದಲ್ಲಿ ಇಟ್ಟುಕೊಂಡಳು.

“ಯಾವ ಬಣ್ಣ ಇದೆ?” ಎಂದಳು.